ಮಾತು ಬೆಳ್ಳಿ, ಮೌನಕ್ಕೂ ಬಿಲ್ಲು

ಕಾಲ್ ಸೆಂಟರಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ರಾತ್ರಿಪಾಳಿ ಮಾಡುವ ಹುಡುಗ ಹುಡುಗಿಯರ ಕಥೆ ಕಾದಂಬರಿಯಾಗಿದೆ, ಸಿನಿಮಾ ಆಗಿದೆ. ಅವರನ್ನು ಬೆಳಗಿನ ಜಾವ ಮನೆಗೆ ಬಿಡುವ ಕ್ಯಾಬಿನ ಚಾಲಕರ ಬಗ್ಗೆಯೂ ವರದಿಗಳು ಬಂದಿವೆ. ಅದೇ ಕಟ್ಟಡದಲ್ಲಿ ಕಣ್ಣು ಮಿಟುಕಿಸದೆ ದುಡಿಯುವ ಇನ್ನೊಬ್ಬರನ್ನು ಮಾತ್ರ ಯಾರೂ ಮಾತಾಡಿಸಿಲ್ಲ. ಅವರೇ ಮೀಟರ್‌ರಾಯರು. ‘ಬಳಸಿದಷ್ಟಕ್ಕೆ ದುಡ್ಡು’ ಎಂದು ಮಾರಾಟವಾಗುವ ಕಾಲ್ ಸೆಂಟರ್ ಸಾಫ್ಟ್‌ವೇರಿನೊಳಗೆ ಕೂತು ಮಾತಿನ ಲೆಕ್ಕ ಬರೆಯುವುದು ಇವರ ಕೆಲಸ. ವಾಸ ಕ್ಲೌಡಿನಲ್ಲಿ. ಮೈ ಇಲ್ಲ, ಮನಸ್ಸಿನ ಬಗ್ಗೆ ಖಾತ್ರಿ ಇಲ್ಲ, ಜ್ಞಾಪಕಶಕ್ತಿ ಮಾತ್ರ ಸೆಕೆಂಡಿನವರೆಗೆ ಪಕ್ಕಾ.

ನಾನು: ನಮಸ್ಕಾರ ರಾಯರೇ. ಮೊದಲು ನಿಮ್ಮ ಮನೆತನದ ವಿಚಾರ ಹೇಳಿ.

ಮೀಟರ್: ದೊಡ್ಡ ವಂಶ ಸ್ವಾಮಿ. ದೊಡ್ಡಣ್ಣ ನಿಮ್ಮ ಮನೆ ಗೋಡೆಗೇ ಅಂಟಿಕೊಂಡು ಕರೆಂಟ್ ಎಣಿಸ್ತಾನೆ. ಇನ್ನೊಬ್ಬ ಆಟೋದಲ್ಲಿದ್ದಾನೆ, ಪಾಪ, ಬೆಂಗಳೂರಿನಲ್ಲಿ ಅವನ ಮಾತು ಯಾರೂ ಕೇಳಲ್ಲ. ‘ಮೀಟರ್ ಮೇಲೆ ಐವತ್ತು ಕೊಡಿ’ ಅಂತ ಅವನ ಎದುರಿಗೇ ವ್ಯಾಪಾರ ನಡೆಯತ್ತೆ. ನಮ್ಮಪ್ಪ ಎಸ್‌ಟಿಡಿ ಬೂತಿನಲ್ಲಿದ್ದ. ಹಳದಿ ಬೋರ್ಡು, ಗಾಜಿನ ಡಬ್ಬಿ, ಕೆಂಪು ಅಂಕಿ. ರಾತ್ರಿ ಕಾಲು ದರ ಶುರುವಾಗೋ ಹೊತ್ತಿಗೆ ಬೂತಿನ ಮುಂದೆ ಕ್ಯೂ. ಒಳಗಿದ್ದವರು ‘ಆರೋಗ್ಯವಾ?’ ಅಂತ ಬಾಯಲ್ಲಿ ಕೇಳ್ತಾ ಕಣ್ಣನ್ನ ಅಪ್ಪನ ಮುಖದ ಮೇಲೇ ಇಟ್ಟಿರೋರು. ಅಂಥ ಗೌರವ ಇತ್ತು.

ನಾನು: ಅಪ್ಪನ ಲೆಕ್ಕ ಹೇಗೆ?

ಮೀಟರ್: ಪಲ್ಸ್ ಲೆಕ್ಕ, ಅಂದರೆ ಇಷ್ಟು ಸೆಕೆಂಡಿನ ಒಂದೊಂದು ತುಂಡಿಗೆ ಇಷ್ಟು ದುಡ್ಡು. ಪಲ್ಸ್ ಮುಗಿದ ಮೇಲೆ ‘ಸರಿ, ಇಡ್ತೀನಿ’ ಅನ್ನೋ ಅಷ್ಟರಲ್ಲಿ ಇನ್ನೊಂದು ಇಡೀ ಪಲ್ಸ್ ಬಿದ್ದುಬಿಡ್ತಿತ್ತು. ಆ ‘ಇಡ್ತೀನಿ’ಯಲ್ಲೇ ನಮ್ಮ ಸಂಸಾರ ನಡೀತಿತ್ತು. 2009ರಲ್ಲಿ ಟಾಟಾ ಡೊಕೊಮೊದವರು ಸೆಕೆಂಡಿಗೆ ಒಂದು ಪೈಸೆ ಅಂತ ಬಂದರು ನೋಡಿ, ಅಪ್ಪ ಅವತ್ತೇ ಹಾಸಿಗೆ ಹಿಡಿದ.

ನಾನು: ನೀವು ಕಾಲ್ ಸೆಂಟರಿಗೆ ಬರೋ ಮೊದಲು ಅಲ್ಲಿ ಯಾರ ದರ್ಬಾರಿತ್ತು?

ಮೀಟರ್: ಕುರ್ಚಿಯದ್ದು. ‘ಸೀಟ್ ಲೈಸೆನ್ಸ್’ ಅಂತಾರೆ. ಇಷ್ಟು ಏಜೆಂಟರು, ತಲೆಗೆ ತಿಂಗಳಿಗೆ ಇಷ್ಟು ಡಾಲರ್. ಕೂತವನು ಮಾತಾಡಲಿ, ತೂಕಡಿಸಲಿ, ಕೆಲಸ ಬಿಟ್ಟು ಹೋಗಲಿ, ಕುರ್ಚಿಗೆ ಬಾಡಿಗೆ ಕಟ್ಟಲೇಬೇಕು. ದಸರಾ-ದೀಪಾವಳಿ ಸೇಲ್‌ಗೆ ಅಂತ ಮುನ್ನೂರು ಸೀಟು ತಗೊಂಡ ಕಂಪನಿ, ಕಾರ್ತೀಕ ಕಳೆಯೋ ಹೊತ್ತಿಗೆ ಇನ್ನೂರು ಖಾಲಿ ಸೀಟಿಗೂ ದುಡ್ಡು ಕಟ್ಟೋದು. ಒಪ್ಪಂದ ವರ್ಷದ್ದು. ಖಾಲಿ ಕುರ್ಚಿಯ ಮೌನವನ್ನ ಮಾರಿ ಬದುಕಿದ ಕಾಲ ಅದು.

ನಾನು: ಅಂದರೆ ಸುಮ್ಮನೆ ಕೂತಿರುವುದೆಲ್ಲ ದಂಡ ಅಂತೀರಾ?

ಮೀಟರ್: ಹಾಗಂದರೆ ಏರ್ಲಾಂಗ್ ಸಾಹೇಬರು ಬೈತಾರೆ. ಡೆನ್ಮಾರ್ಕಿನವರು, ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಗಣಿತ ಮಾಡ್ತಿದ್ದವರು. 1909ರಲ್ಲೇ ಶುರುಮಾಡಿ 1917ರಲ್ಲಿ ಸೂತ್ರ ಬರೆದಿಟ್ಟು ಹೋದರು. ಇವತ್ತಿಗೂ ಎಷ್ಟು ಕರೆಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋದು ಅವರ ಸೂತ್ರದಿಂದಲೇ. ಅದರ ಸಾರ ಏನಪ್ಪಾ ಅಂದರೆ, ಫ್ಲೋರಿನಲ್ಲಿರೋ ಎಲ್ಲರೂ ನೂರಕ್ಕೆ ನೂರು ಹೊತ್ತು ಮಾತಾಡ್ತಿದ್ದರೆ ಕ್ಯೂ ಕರಗೋದೇ ಇಲ್ಲ, ಬೆಳೀತಾನೇ ಹೋಗತ್ತೆ. ಕರೆ ಮಾಡಿದವರು ಬೇಗ ಸಿಗಬೇಕು ಅಂದರೆ ಯಾರೋ ಒಂದಿಬ್ಬರು ಕೈಕಟ್ಟಿ ಕೂತಿರಬೇಕು. ನಾನು ಕಂಡ ಮೌನಗಳಲ್ಲಿ ಗಿರಾಕಿಗೆ ಉಪಯೋಗಕ್ಕೆ ಬಂದಿದ್ದು ಅದೊಂದೇ. ಮ್ಯಾನೇಜರ್ ಕಣ್ಣಿಗೆ ಮೊದಲು ಚುಚ್ಚೋದೂ ಅದೇ.

ನಾನು: ಸರಿ, ನಿಮ್ಮ ಪಟ್ಟಾಭಿಷೇಕ ಯಾವಾಗ?

ಮೀಟರ್: 2017ರ ಮಾರ್ಚ್. ಅಮೆಜಾನ್‌ನವರು ‘ಕನೆಕ್ಟ್’ ಅಂತ ತಂದರು. ಸೀಟಿಲ್ಲ, ವರ್ಷದ ಒಪ್ಪಂದವಿಲ್ಲ, ಮಾತಿನ ನಿಮಿಷಕ್ಕೆ ಇಷ್ಟು. ಅಮೆರಿಕದ ದರಪಟ್ಟಿಯಲ್ಲಿ ನಿಮಿಷಕ್ಕೆ 1.8 ಸೆಂಟ್, ಫೋನ್ ಲೈನಿನ ದುಡ್ಡು ಬೇರೆ. ಮರುವರ್ಷ ಟ್ವಿಲಿಯೋದವರು ‘ಫ್ಲೆಕ್ಸ್’ ಅಂತ ಬಿಟ್ಟು ಎರಡು ದೋಣಿ ಮೇಲೆ ಕಾಲಿಟ್ಟರು: ತಿಂಗಳಿಗೆ ತಲೆಗೆ 150 ಡಾಲರ್, ಇಲ್ಲಾ ಗಂಟೆಗೆ ಒಂದು ಡಾಲರ್. ಅಲ್ಲೇ ಲೆಕ್ಕ ಸ್ಪಷ್ಟ. ತಿಂಗಳಿಗೆ 150 ಗಂಟೆಗಿಂತ ಕಮ್ಮಿ ದುಡಿಯೋ ಅರೆಕಾಲಿಕರಿಗೆ ಮೀಟರು, ಪೂರ್ತಿ ದುಡಿಯೋರಿಗೆ ಸೀಟು.

ನಾನು: ನಿಮಿಷದ ಲೆಕ್ಕಕ್ಕೂ ಅಂಥದ್ದೊಂದು ಗಡಿ ಇರಬೇಕಲ್ಲ?

ಮೀಟರ್: ಪೆನ್ಸಿಲ್ ತಗೊಳ್ಳಿ. ಕಾಲ್ ಸೆಂಟರ್ ಸಾಫ್ಟ್‌ವೇರ್ ಮಾರೋ ಜೆನೆಸಿಸ್‌ನವರ ತೀರಾ ಕೆಳದರ್ಜೆಯ ಸೀಟಿನ ಪಟ್ಟಿದರ ತಿಂಗಳಿಗೆ 75 ಡಾಲರ್. ಅದನ್ನ 1.8 ಸೆಂಟ್‌ನಿಂದ ಭಾಗಿಸಿ. ಸುಮಾರು 4,167 ನಿಮಿಷ, ಅಂದರೆ ಅರವತ್ತೊಂಬತ್ತೂವರೆ ಗಂಟೆ. ಇಪ್ಪತ್ತೆರಡು ದಿನದ ತಿಂಗಳಿಗೆ ಹಂಚಿದರೆ ದಿನಕ್ಕೆ ಮೂರು ಗಂಟೆ ಚಿಲ್ಲರೆ. ಅಷ್ಟಕ್ಕಿಂತ ಹೆಚ್ಚು ಕರೆಯಲ್ಲಿರೋ ಏಜೆಂಟಿಗೆ ನಾನು ದುಬಾರಿ, ಕುರ್ಚಿ ಅಗ್ಗ. ರಾತ್ರಿಯಿಡೀ ಅಮೆರಿಕದವರ ಕರೆ ಎತ್ತೋ ಬೆಂಗಳೂರಿನ ಫ್ಲೋರಿನಲ್ಲಿ ಮೂರು ಗಂಟೆ ಯಾವ ಲೆಕ್ಕ ಸ್ವಾಮಿ? ಆದರೆ ಮಾರೋಕೆ ಬಂದವರು ಸ್ಲೈಡಿನಲ್ಲಿ ತೋರಿಸೋದು ಖಾಲಿ ಕುರ್ಚಿಯ ಚಿತ್ರ, ಭಾಗಾಕಾರ ಅಲ್ಲ.

ನಾನು: ಹೋಲ್ಡ್‌ನಲ್ಲಿ ಇಟ್ಟಾಗ ನೀವು ನಿಲ್ಲುತ್ತೀರಲ್ಲವೇ? ಅಲ್ಲಿ ಮಾತೇ ಇಲ್ಲವಲ್ಲ.

ಮೀಟರ್: ನಿಲ್ಲೋದಾ? ಗಿರಾಕಿಯ ಲೈನು ಸೇರಿದ ಕ್ಷಣದಿಂದ ನನ್ನ ಡ್ಯೂಟಿ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಕೂಡ ಲೆಕ್ಕ, ‘ನಿಮ್ಮ ಕರೆ ನಮಗೆ ಮುಖ್ಯ’ ಕೂಡ ಲೆಕ್ಕ, ಆಮೇಲಿನ ಸಂಗೀತವೂ ಲೆಕ್ಕ. ಆ ಸಂಗೀತ ಅಂದರೆ ನನಗೆ ಪ್ರಾಣ. ಸಿಸ್ಕೋ ಫೋನುಗಳಲ್ಲಿ ತಾನಾಗಿ ಬರೋ ಒಂದು ಟ್ಯೂನ್ ಇದೆ, ‘ಓಪಸ್ ನಂಬರ್ ಒನ್’. 1989ರಲ್ಲಿ ಟಿಮ್ ಕಾರ್ಲ್‌ಟನ್ ಅನ್ನೋ ಹದಿಹರೆಯದ ಹುಡುಗ ಗೆಳೆಯನ ಜೊತೆ ಗ್ಯಾರೇಜಿನಲ್ಲಿ ಕೂತು ಮಾಡಿದ್ದು. ಆ ಗೆಳೆಯ ಮುಂದೆ ಸಿಸ್ಕೋ ಸೇರಿ ಫೋನಿನೊಳಗೆ ಅದನ್ನ ಇಟ್ಟ. ಜಗತ್ತಿನಲ್ಲಿ ಅಷ್ಟು ಜನ, ಅಷ್ಟು ಹೊತ್ತು, ಅಷ್ಟು ಸಿಟ್ಟಿನಲ್ಲಿ ಕೇಳಿದ ಸಂಗೀತ ಇನ್ನೊಂದಿರಲಾರದು.

ನಾನು: ಹಾಗಾದರೆ ಕಾಯಿಸಿದಷ್ಟೂ ಕಂಪನಿಗೇ ನಷ್ಟ. ಬೇಗ ಫೋನ್ ಎತ್ತುತ್ತಾರೆ. ಒಳ್ಳೆಯದೇ ಆಯಿತಲ್ಲ?

ಮೀಟರ್: ಬೇಗ ಎತ್ತೋಕೆ ಜನ ಬೇಕು, ಜನಕ್ಕೆ ಸಂಬಳ ಬೇಕು. ಅದರ ಬದಲು ಬೇಗ ಇಡಿಸ್ತಾರೆ. ನನ್ನ ಅಂಕಿ ನೋಡಿ ಮೇಲಿನವರು ಮ್ಯಾನೇಜರಿಗೆ, ಮ್ಯಾನೇಜರ್ ಟೀಮ್ ಲೀಡ್‌ಗೆ, ಟೀಮ್ ಲೀಡ್ ಹೆಡ್‌ಸೆಟ್ ಹಾಕಿಕೊಂಡ ಹುಡುಗಿಗೆ: ‘ನಿನ್ನ ಎಎಚ್‌ಟಿ ಜಾಸ್ತಿಯಾಗ್ತಿದೆ.’ ಒಂದು ಕರೆಗೆ ಹಿಡಿಯೋ ಸರಾಸರಿ ಹೊತ್ತು ಅದು. ಅವಳಿಗೆ ತಿಂಗಳ ಸಂಬಳ, ಮೀಟರ್ ಕಟ್ಟಿರೋದು ಕಂಪನಿಗೆ, ಓಡೋದು ಮಾತ್ರ ಅವಳು.

(ಇಲ್ಲಿ ರಾಯರು ತಮ್ಮ ಬಗ್ಗೆ ಮರುಕಪಟ್ಟರೋ ಅವಳ ಬಗ್ಗೆಯೋ ತಿಳಿಯಲಿಲ್ಲ. ದನಿಯಲ್ಲಿ ಏರಿಳಿತವಿಲ್ಲದವರ ಜೊತೆ ಇದೊಂದು ಕಷ್ಟ.)

ನಾನು: ಚಾಟ್ ಆದರೆ ವಾಸಿಯೇ?

ಮೀಟರ್: ಅಲ್ಲಿ ಮೆಸೇಜಿಗೆ ಇಷ್ಟು. ಅದೇ ಕನೆಕ್ಟಿನಲ್ಲಿ ಮೆಸೇಜಿಗೆ 0.4 ಸೆಂಟ್ ಇತ್ತು. ಈ ಲೆಕ್ಕ ಕಂಡುಹಿಡಿದವರು ಭಾರತದ ಚಾಟ್ ನೋಡಿರಲಿಲ್ಲ ಅಂತ ಕಾಣತ್ತೆ. ‘ಹಾಯ್’ ಒಂದು. ‘ಸಾರ್’ ಒಂದು. ‘ಇದ್ದೀರಾ’ ಒಂದು. ಒಂದು ಗುಲಾಬಿ ಹೂವಿನ ಶುಭೋದಯ. ಆಮೇಲೆ ‘ಒಂದು ವಿಷಯ ಕೇಳಬೇಕಿತ್ತು.’ ವಿಷಯ ಇನ್ನೂ ಬಂದಿಲ್ಲ, ಆಗಲೇ ಐದು! ವಾಟ್ಸಾಪ್‌ನವರೂ ಮೊದಲು ಇಪ್ಪತ್ನಾಲ್ಕು ಗಂಟೆಯ ಸಂಭಾಷಣೆಗೆ ಒಟ್ಟಾಗಿ ವ್ಯಾಪಾರಿಗಳಿಂದ ದುಡ್ಡು ತಗೊಳ್ತಿದ್ದೋರು, 2025ರ ಜುಲೈಯಿಂದ ಆ ವ್ಯಾಪಾರಿಗಳು ಕಳಿಸೋ ಟೆಂಪ್ಲೇಟ್ ಮೆಸೇಜುಗಳಿಗೆ ಒಂದೊಂದಕ್ಕೂ ಲೆಕ್ಕ ಹಿಡಿದರು. ಎಲ್ಲರೂ ಕಡೆಗೆ ನಮ್ಮ ಮನೆತನಕ್ಕೇ ಬರ್ತಾರೆ.

ನಾನು: ಈಗ ಬಾಟ್‌ಗಳ ಕಾಲ. ಸಮಸ್ಯೆ ಬಗೆಹರಿದರೆ ಮಾತ್ರ ದುಡ್ಡು ಎನ್ನುವ ಪದ್ಧತಿಯೂ ಬಂದಿದೆಯಂತೆ.

ಮೀಟರ್: ಬಂದಿದೆ. 2023ರಲ್ಲಿ ಇಂಟರ್‌ಕಾಮ್ ಅನ್ನೋ ಕಂಪನಿ ‘ಫಿನ್’ ಅನ್ನೋ ಬಾಟ್ ತಂದು, ಒಂದು ಪರಿಹಾರಕ್ಕೆ 99 ಸೆಂಟ್ ಅಂತು. 2024ರಲ್ಲಿ ಜೆಂಡೆಸ್ಕ್‌ನವರೂ ಫಲಿತಾಂಶಕ್ಕೆ ಮಾತ್ರ ದುಡ್ಡು ಅಂತ ಸಾರಿದರು.

ನಾನು: ನ್ಯಾಯವಾದ ಮಾತು. ರೋಗ ವಾಸಿಯಾದರೆ ಮಾತ್ರ ವೈದ್ಯರಿಗೆ ಫೀಸು ಕೊಟ್ಟ ಹಾಗೆ.

ಮೀಟರ್: ವಾಸಿಯಾಯ್ತು ಅಂತ ಬರೆಯೋರು ಯಾರು?

ನಾನು: ರೋಗಿ.

ಮೀಟರ್: ಅದೊಂದು ದಾರಿ. ಗಿರಾಕಿ ‘ಸರಿಹೋಯ್ತು’ ಅಂದರೆ ಒಂದು ಪರಿಹಾರ. ಇನ್ನೊಂದು ದಾರಿ ಇದೆ. ಬಾಟ್ ಕೊಟ್ಟ ಉತ್ತರ ನೋಡಿ ಗಿರಾಕಿ ಮತ್ತೇನೂ ಕೇಳದೆ ಹೊರಟುಹೋದರೆ, ಅದೂ ಒಂದು ಪರಿಹಾರ. ಗುಟ್ಟೇನಿಲ್ಲ, ಫಿನ್ ನಿಯಮದಲ್ಲೇ ಬರೆದಿದೆ.

ನಾನು: ರೋಗಿ ಬೇಸತ್ತು ಎದ್ದು ಹೋಗಿದ್ದರೆ?

ಮೀಟರ್: ಹೋದದ್ದು ನನಗೆ ಕಾಣತ್ತೆ. ಬೇಸತ್ತದ್ದು ಕಾಣಲ್ಲ. ಯಾವ ಬಾಟ್ ಅಂತ ಕೇಳಬೇಡಿ, ಒಬ್ಬರು ನಿವೃತ್ತ ಮೇಷ್ಟ್ರು ರೀಫಂಡ್ ಯಾವಾಗ ಅಂತ ಕೇಳಿದರು. ಬಾಟ್ ‘ರೀಫಂಡ್ ನೀತಿಯ ಪರಿಚಯ’ ಅಂತ ಒಂದು ಲೇಖನ ಕೊಡ್ತು. ಮೇಷ್ಟ್ರು ತಪ್ಪು ತಿದ್ದಿ ಮತ್ತೆ ಕೇಳಿದರು. ಅದೇ ಲೇಖನ, ಈ ಸಲ ಕ್ಷಮೆಯ ಜೊತೆಗೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಹಾಳಾಗಿ ಹೋಗ್ಲಿ’ ಅಂದು ಕಾಫಿ ಕುಡಿಯೋಕೆ ಒಳಗೆ ಹೋದರು. ಅಂದಿದ್ದು ಬಾಯಲ್ಲಿ, ಟೈಪ್ ಮಾಡಲಿಲ್ಲ. ಹಾಕಿದೆ ಒಂದು ಪರಿಹಾರ.

ನಾನು: ನಿಮಗೆ ನಾಚಿಕೆಯಾಗಲಿಲ್ಲವೇ?

ಮೀಟರ್: ಅದು ನನ್ನ ಪ್ಲಾನಿನಲ್ಲಿಲ್ಲ. ಬೇಕಾದರೆ ಸೇಲ್ಸ್‌ನವರನ್ನ ಕೇಳಿ, ಆಡ್-ಆನ್ ಇದ್ದರೂ ಇರಬಹುದು.

ನಾನು: ಪರಿಹಾರದ ಗೋಜೇ ಬೇಡ ಎಂದವರು ಇಲ್ಲವೇ?

ಮೀಟರ್: ಸೇಲ್ಸ್‌ಫೋರ್ಸ್‌ನವರು 2024ರಲ್ಲಿ ಬಾಟ್‌ನ ಒಂದು ಸಂಭಾಷಣೆಗೆ ಎರಡು ಡಾಲರ್ ಅಂತ ಶುರುಮಾಡಿದರು. ಬಗೆಹರಿಯಲಿ ಬಿಡಲಿ, ಎರಡು. 2025ರ ಮೇ ತಿಂಗಳಲ್ಲಿ ಬಾಟ್ ಮಾಡೋ ಒಂದೊಂದು ಕ್ರಿಯೆಗೆ ಹತ್ತು ಸೆಂಟ್ ಅನ್ನೋ ಲೆಕ್ಕವನ್ನೂ ಸೇರಿಸಿದರು, ಕ್ರೆಡಿಟ್ ರೂಪದಲ್ಲಿ. ಆರ್ಡರ್ ಹುಡುಕಿದ್ದು ಒಂದು ಕ್ರಿಯೆ, ವಿಳಾಸ ಬದಲಿಸಿದ್ದು ಇನ್ನೊಂದು. ಇದರಿಂದ ಕಂಪನಿಗಳ ಲೆಕ್ಕಪತ್ರದವರಿಗೆ ನಿದ್ದೆ ಹಾರಿಹೋಯ್ತು. ಮುಂದಿನ ತಿಂಗಳ ಬಿಲ್ಲು ಎಷ್ಟು ಅಂತ ಯಾರೂ ಹೇಳೋ ಹಾಗಿಲ್ಲ. ಸರ್ವರ್ ಕೆಟ್ಟ ದಿನ ಜನ ಮುಗಿಬಿದ್ದು ಕರೆ ಮಾಡ್ತಾರಲ್ಲ, ಅವತ್ತೇ ನನ್ನ ಬಿಲ್ಲೂ ಏರೋದು.

ನಾನು: ಅದಕ್ಕೆ ಮದ್ದು?

ಮೀಟರ್: ‘ಮೊದಲೇ ಇಷ್ಟು ಕ್ರೆಡಿಟ್ ಕೊಂಡುಬಿಡಿ, ಅಗ್ಗವಾಗತ್ತೆ’ ಅಂತಾರೆ. ಕೊಳ್ತಾರೆ. ಬಳಸದೆ ಉಳಿದದ್ದು ಒಪ್ಪಂದ ಮುಗಿದ ದಿನ ಗಂಗೆಯ ಪಾಲು. ಬಳಸಿದಷ್ಟಕ್ಕೆ ದುಡ್ಡು ಅಂತ ಮನೆಯೊಳಗೆ ಬಂದವನು ಬಳಸದಿದ್ದರೂ ದುಡ್ಡು ಅಂತ ಕಾಲು ಚಾಚಿಕೊಂಡ. ಖಾಲಿ ಕುರ್ಚಿ ವಾಪಸ್ ಬಂತು ನೋಡಿ, ವೇಷ ಬದಲಿಸಿಕೊಂಡು.

ನಾನು: ರಾಯರೇ, ಕನ್ನಡದಲ್ಲಿ ಮಾತಾಡಿದರೆ ಏನಾದರೂ ರಿಯಾಯಿತಿ ಉಂಟೇ?

ಮೀಟರ್: (ಮೊದಲ ಬಾರಿಗೆ ನಕ್ಕು) ರಿಯಾಯಿತಿಯೇ! ನಿಮಿಷದ ಲೆಕ್ಕದಲ್ಲಿ ಕನ್ನಡವೂ ಒಂದೇ, ಇಂಗ್ಲಿಷೂ ಒಂದೇ. ಬಾಟ್ ಹಿಂದೆ ಕೂತಿರೋ ಭಾಷಾ ಮಾದರಿಯ ಲೆಕ್ಕ ಬೇರೆ. ಅದು ಮಾತನ್ನ ಟೋಕನ್ ಅನ್ನೋ ಚೂರುಗಳಾಗಿ ಹೆಚ್ಚತ್ತೆ, ಬಿಲ್ಲು ಚೂರಿಗೆ. ಇಂಗ್ಲಿಷಿನ ಬಳಕೆಯ ಪದಗಳು ಬಹಳಷ್ಟು ಇಡಿಯಾಗೇ ಒಂದೊಂದು ಚೂರು. ಯಾಕೆ ಅಂದರೆ ಹೆಚ್ಚೋದು ಕಲಿತಿದ್ದೇ ಬಹುಪಾಲು ಇಂಗ್ಲಿಷ್ ಪಠ್ಯದ ಮೇಲೆ. ಕನ್ನಡ ಬಂದಾಗ ಪದ ಪುಡಿಪುಡಿ. ಸಾಲದ್ದಕ್ಕೆ ಕಂಪ್ಯೂಟರು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಜಾಗ ಕೊಟ್ಟರೆ ಕನ್ನಡದ ಒಂದೊಂದು ಗುರುತಿಗೂ ಮೂರು ಕೊಡಬೇಕು. ಅಕ್ಷರಕ್ಕೆ ಮೂರು, ಅದರ ಕೊಂಬಿಗೆ ಮೂರು, ಒತ್ತು ಕೊಡೋಕೆ ಹಲಂತಕ್ಕೆ ಮೂರು.

ನಾನು: ಕೊಂಬಿಗೂ ಬಿಲ್ಲು!

ಮೀಟರ್: ಅದೇ ದೂರು, ಅದೇ ಉತ್ತರ, ಕನ್ನಡದ್ದಾದರೆ ಚೂರು ಜಾಸ್ತಿ. 2024ರ ಮೇನಲ್ಲಿ ಓಪನ್‌ಎಐನವರು ಹೊಸ ಮಾದರಿಯ ಜೊತೆ ಹೊಸ ಕತ್ತಿ ತಂದು, ಇಪ್ಪತ್ತು ಭಾಷೆಗಳ ಪಟ್ಟಿ ಹಾಕಿ, ಒಂದೇ ಮಾತು ಮೊದಲು ಎಷ್ಟು ಚೂರಾಗ್ತಿತ್ತು, ಈಗ ಎಷ್ಟು ಅಂತ ತೋರಿಸಿದರು. ಗುಜರಾತಿಗೆ 145 ಇದ್ದದ್ದು 33. ತೆಲುಗಿಗೆ 159 ಇದ್ದದ್ದು 45. ತಮಿಳಿತ್ತು, ಮರಾಠಿ ಇತ್ತು, ಹಿಂದಿ, ಉರ್ದು ಇದ್ದವು.

ನಾನು: ಕನ್ನಡ?

ಮೀಟರ್: ಕನ್ನಡಕ್ಕೂ ಇಳಿದಿದೆ. ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಅಳಬೇಡಿ, ಅಳೋದನ್ನ ಟೈಪ್ ಮಾಡಿದರೆ ಅದಕ್ಕೂ ಟೋಕನ್.

ನಾನು: ನವೆಂಬರ್ ತಿಂಗಳಲ್ಲಿ ಒಂದು ರಾಜ್ಯೋತ್ಸವ ಭಾಷಣವನ್ನು ಯಾರಾದರೂ ನಿಮ್ಮ ಬಾಟ್‌ಗೆ ಅಂಟಿಸಿದರೆ ಗತಿ?

ಮೀಟರ್: ವರ್ಷದ ಗುರಿ ಮುಟ್ಟಿ ನಾನು ರಜೆ ಹಾಕ್ತೀನಿ.

ನಾನು: ಇಷ್ಟೆಲ್ಲ ಎಣಿಸುವ ನಿಮ್ಮನ್ನು ಯಾರಾದರೂ ಸೋಲಿಸಿದ್ದುಂಟೇ?

ಮೀಟರ್: (ಬಹಳ ಹೊತ್ತು ಉತ್ತರವಿಲ್ಲ) ಇದನ್ನ ಬರೀಬೇಡಿ. ಅಪ್ಪನ ಕಾಲದಿಂದಲೂ ನಮ್ಮ ವಂಶಕ್ಕೆ ಒಂದು ಶಾಪ. ಊರು ಮುಟ್ಟಿದೆ ಅಂತ ಹೇಳೋಕೆ ಎರಡು ರಿಂಗ್ ಕೊಟ್ಟು ಇಟ್ಟುಬಿಡೋರು. ಮೊಬೈಲ್ ಬಂದ ಮೇಲಂತೂ ಕೇಳೋದೇ ಬೇಡ. ‘ಗೇಟ್ ಹತ್ರ ಇದೀನಿ’, ‘ಹಾಲು ತಗೊಂಡು ಬಾ’, ‘ನನಗೆ ಕರೆ ಮಾಡು, ನನ್ನಲ್ಲಿ ದುಡ್ಡಿಲ್ಲ’, ಎಲ್ಲಾ ಒಂದೇ ಮಿಸ್ಡ್ ಕಾಲ್‌ನಲ್ಲಿ. ಕೊಟ್ಟವರಿಗೂ ಅರ್ಥ, ತಗೊಂಡವರಿಗೂ ಅರ್ಥ, ಮಧ್ಯೆ ಕೂತ ನನಗೆ ಸೊನ್ನೆ. ಖಾಲಿ ಕುರ್ಚಿಗೆ ಬಿಲ್ಲು ಹಾಕಿದ್ದಾರೆ, ಹೋಲ್ಡಿಗೆ ಹಾಕಿದ್ದೀನಿ, ಮೇಷ್ಟ್ರ ಕಾಫಿಗೂ ಹಾಕಿದೆ. ಆ ಎರಡು ರಿಂಗಿಗೆ ಹಾಕೋಕೆ ಆಗಲಿಲ್ಲ.

ನಾನು: ಅದನ್ನೂ ವ್ಯಾಪಾರ ಮಾಡಿದವರಿದ್ದಾರಲ್ಲ. ನಮ್ಮ ಬೆಂಗಳೂರಿನದೇ ಜಿಪ್‌ಡಯಲ್. ಜನರಿಂದ ಮಿಸ್ಡ್ ಕಾಲ್ ಕೊಡಿಸಿ ಜಾಹೀರಾತು ನಡೆಸುತ್ತಿದ್ದರು. 2015ರಲ್ಲಿ ಟ್ವಿಟರ್ ಅವರನ್ನು ಕೊಂಡುಕೊಂಡಿತು.

ಮೀಟರ್: ದುಡ್ಡು ಕೊಟ್ಟಿದ್ದು ಜಾಹೀರಾತಿನವರು ಸ್ವಾಮಿ. ರಿಂಗ್ ಕೊಟ್ಟವನ ಜೇಬಿನಿಂದ ಆಗಲೂ ಒಂದು ಪೈಸೆ ಬರಲಿಲ್ಲ.

ನಾನು: ಒಳ್ಳೆಯದು ರಾಯರೇ, ನಿಮ್ಮ ನಂಬರ್ ಕೊಟ್ಟಿರಿ. ಅಚ್ಚಾದ ಮೇಲೆ ತಿಳಿಸುತ್ತೇನೆ.

ಮೀಟರ್: ಕರೆ ಮಾಡಿ, ಚಾಟ್ ಮಾಡಿ, ಬೇಕಾದರೆ ಇಡೀ ಲೇಖನ ಓದಿ ಹೇಳಿ, ಸಂತೋಷ. ಮಿಸ್ಡ್ ಕಾಲ್ ಮಾತ್ರ ಕೊಡಬೇಡಿ.

ಕೊಟ್ಟೆ. ಎರಡು ರಿಂಗ್.