ಏನೂ ಹಾಕಿಲ್ಲಪ್ಪ, ಬರೀ ಸಗಣಿ!

ಫಲಪುಷ್ಪ ಪ್ರದರ್ಶನ ಬಂತೆಂದರೆ ನಮ್ಮ ಸಿದ್ದಾಪುರದವರು ಮಡಿಕೇರಿಯ ರಾಜಾಸೀಟಿಗೆ ಹೊರಡುತ್ತಾರೆ. ಹೂವು ನೋಡಲಿಕ್ಕೆ ಅಂದುಕೊಂಡಿರಾ? ಹೂವಿನ ಮುಂದೆ ಫೋಟೊ ತೆಗೆಸಿಕೊಳ್ಳುವುದು ಪ್ರವಾಸಿಗರ ಕೆಲಸ. ತೋಟದವರ ಕಾಲು ನೇರ ಹೋಗುವುದು ಬಾಳೆಗೊನೆ, ಸುವರ್ಣಗಡ್ಡೆ ಜೋಡಿಸಿಟ್ಟ ಮೇಜಿನ ಕಡೆಗೆ. ಪರರ ಗೊನೆಯನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ" ಅನ್ನುತ್ತಾರೆ. ತೋಟಗಾರನ ಬಾಯಿಂದ ಇದಕ್ಕಿಂತ ದೊಡ್ಡ ಬಿರುದು ಹೊರಡುವುದಿಲ್ಲ. ಆಮೇಲೆ ಮೆಲ್ಲಗೆ, "ಏನು ಹಾಕಿದಿರಿ?" ಉತ್ತರವೂ ಸಿದ್ಧ: "ಏನೂ ಹಾಕಿಲ್ಲಪ್ಪ, ಬರೀ ಸಗಣಿ!"

ಗೆದ್ದವನು ಗುಟ್ಟು ಬಿಡುವುದಿಲ್ಲ, ಸೋತವನು ಸಲಹೆ ನಿಲ್ಲಿಸುವುದಿಲ್ಲ. ಕಾಳುಮೆಣಸಿನ ಬಳ್ಳಿ ಸೊರಗಿತು ಅಂದುನೋಡಿ, ಸುತ್ತ ನಾಲ್ಕು ಜನ ಬೋರ್ಡೋ ಪಂಡಿತರು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇಷ್ಟರ ತನಕ ಎಲ್ಲರೂ ಒಂದೇ ಪಕ್ಷ. ಯಾವುದನ್ನು ಯಾವುದಕ್ಕೆ ಸುರಿಯಬೇಕು ಅನ್ನುವಲ್ಲಿ ಪಕ್ಷ ಒಡೆಯುತ್ತದೆ. ತುತ್ತದ ನೀರನ್ನೇ ಸುಣ್ಣದ ನೀರಿಗೆ ಸುರಿಯಬೇಕು ಸ್ವಾಮಿ. ಕಬ್ಬಿಣದ ಕತ್ತಿ ಅದ್ದಿ ನೋಡಿ; ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಪಂಡಿತರಿಗಿಂತ ಕತ್ತಿ ಪ್ರಾಮಾಣಿಕ.

ಹಿರಿಯರದು ಕಿತ್ತಳೆಯ ಪುರಾಣ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಮಾನ್ಯತೆಯ ಗುರುತು ಬಂತು, ಸರಿ. ಅಷ್ಟು ಹೊತ್ತಿಗೆ ಕಾಫಿ ನಡುವಿನ ಎಷ್ಟೋ ಗಿಡ ಒಣಗಿ ಸೌದೆಯಾಗಿತ್ತು.

ಈಗಿನವರಿಗೆ ರಂಬುಟಾನ್ ಹುಚ್ಚು. ನೆಂಟರ ಮನೆಯಲ್ಲಿ ಹಣ್ಣು ತಿಂದು, ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ನೆಡುವುದು. ವರ್ಷಗಟ್ಟಲೆ ಸಾಕಿ ಹೂ ಬಂದಾಗ ಗೊತ್ತಾಗುತ್ತದೆ, ಗಿಡ ಗಂಡು! ಹೂವಷ್ಟೇ, ಕಾಯಿ ಕನಸು. ನಮ್ಮಿಂದ ಮಡಿಕೇರಿಗೆ ಹೋಗುವ ದಾರಿಯಲ್ಲೇ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಕೆಂಪು ಹಣ್ಣಿನ ಅರ್ಕಾ ಕೂರ್ಗ್ ಅರುಣ್, ಹಳದಿಯ ಅರ್ಕಾ ಕೂರ್ಗ್ ಪೀತಾಭ್ ಅಲ್ಲಿಯವೇ ತಳಿಗಳು. ಕಸಿಗಿಡ ನೆಟ್ಟರೆ ಈ ಗಂಡು-ಹೆಣ್ಣಿನ ತಾಪತ್ರಯವಿಲ್ಲ. ಆದರೆ ಪುಕ್ಕಟೆ ಬೀಜದ ರುಚಿಯೇ ಬೇರೆ ನೋಡಿ!

ಹಲಸಿನ ವಿಭಾಗದ ತೀರ್ಪುಗಾರರು ಮಾತ್ರ ಪ್ರದರ್ಶನಕ್ಕೆ ಬರುವುದಿಲ್ಲ. ರಾತ್ರಿ ಬೇಲಿ ಮುರಿದು ನೇರ ತೋಟಕ್ಕೇ ಬಂದು, ಹಣ್ಣಾದದ್ದನ್ನು ಮೂಸಿ ಆರಿಸಿ, ಜೊತೆಗೆ ನಾಲ್ಕು ಕಾಫಿಗಿಡ ತುಳಿದು, ಸೊಂಡಿಲಾಡಿಸುತ್ತ ಹೋಗುತ್ತಾರೆ. ಅವರ ತೀರ್ಪಿಗೆ ಮೇಲ್ಮನವಿ ಇಲ್ಲ.

ಮುಂದಿನ ಪ್ರದರ್ಶನಕ್ಕೆ ಸಲಹೆ ಹೊತ್ತು ಬರುವವರಲ್ಲಿ ಒಂದು ಕೋರಿಕೆ: ಜೊತೆಗೆ ಒಂದು ಕಸಿಕಡ್ಡಿಯನ್ನೂ ತನ್ನಿ.