ಸೂರಿನಿಂದ ಸೂರಿಗೆ

ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಮಳೆಯಲ್ಲಿ ನಡೆದು ಹೋಗುವುದು ಬೆಂಗಳೂರಿನ ಪೂರ್ವಭಾಗದ ಪ್ರಮುಖ ಚಾರಣ. ದೂರ ಸುಮಾರು ಹತ್ತು ಕಿಲೋಮೀಟರ್. ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತುವವರಿಗೆ ನಡುದಾರಿಯಲ್ಲಿ ದಣಿವಾರಿಸಿಕೊಳ್ಳಲು ಭಟ್ಟರ ಮನೆಯಿದೆ. ನ್ಯೂಜಿಲೆಂಡಿನ ಕಾಡುಮೇಡುಗಳಲ್ಲಿ ಸರ್ಕಾರವೇ 950ಕ್ಕೂ ಹೆಚ್ಚು ತಂಗುಮನೆಗಳನ್ನು ನೋಡಿಕೊಳ್ಳುತ್ತದೆ. ಇಲ್ಲಿ ಅಂಥ ಏರ್ಪಾಟನ್ನು ಯಾರೂ ಮಾಡಿಲ್ಲ. ಅಂಗಡಿಯ ಸಜ್ಜಾ, ಬೇಕರಿಯ ಶೀಟು, ಮೆಟ್ರೊದ ಮೆಟ್ಟಿಲು ಇವೇ ತಂಗುದಾಣ.

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ, ಹೆಚ್ಚು ಸುರಿಯುವ ತಿಂಗಳು ಸೆಪ್ಟೆಂಬರ್. ಹಗಲಿನ ಬಿಸಿಲಿಗೆ ಕಾದ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಸಂಜೆ, ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ, ಗುಡುಗಿ ಸುರಿಯುತ್ತದೆ. ಬೆಳಗಿನ ಬಿಸಿಲು ನೋಡಿ ಕೊಡೆ ಬಿಟ್ಟು ಬಂದವರೇ ಈ ಚಾರಣಿಗರು.

ಮೊದಲ ತಂಗುದಾಣ ರಸೆಲ್ ಮಾರ್ಕೆಟ್. 1927ರಲ್ಲಿ ಕಟ್ಟಿದ ಈ ಕಟ್ಟಡದೊಳಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ನಿಂತವರೆಲ್ಲ ಗಿರಾಕಿಗಳೆಂದೇ ಲೆಕ್ಕ. 'ಏನ್ ಬೇಕು ಸಾರ್' ಎಂದು ಮೂರು ಸಲ ಕೇಳಿಸಿಕೊಂಡ ಮೇಲೆ ಕಾಲು ಕಿಲೋ ಖರ್ಜೂರ ನಿಶ್ಚಿತ. ಮುಂದಿನ ದಾರಿಗೆ ಅದೇ ಬುತ್ತಿ.

ಹಲಸೂರಿನ ಸೂರುಗಳು ದೇವರವು. ಕೆರೆಯ ಬಳಿಯ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಬೇಕು. ಚಾರಣಿಗನ ಬಳಿ ಇರುವುದು ಮುಖ ಒರೆಸಿ ತೊಯ್ದ ಕರವಸ್ತ್ರವೊಂದೇ. ಸೋಮೇಶ್ವರ ದೇವಸ್ಥಾನದ ಕಲ್ಲುಮಂಟಪ ಶತಮಾನಗಳ ಮಳೆ ಕಂಡಿದೆ, ಹನಿ ಸೋರದು. ಆದರೆ ಚಪ್ಪಲಿ ಹೊರಗೆ ಬಿಡಬೇಕು. ತಲೆ ಒಣಗುವಷ್ಟರಲ್ಲಿ ಚಪ್ಪಲಿ ತೇಲಿರುತ್ತದೆ.

ಮುಂದಿನದು ಮೆಟ್ರೊ ಹಾದಿ. ನಗರದ ಮೊದಲ ಮೆಟ್ರೊ ರೈಲು 2011ರ ಅಕ್ಟೋಬರ್ 20ರಂದು ಓಡಿದ್ದು ಇಲ್ಲೇ, ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ. ಸಿ.ಎಂ.ಎಚ್. ರಸ್ತೆಯುದ್ದಕ್ಕೂ ತಲೆಯ ಮೇಲೆ ಕಾಂಕ್ರೀಟ್ ಸೇತುವೆಯಿದೆ. ಅದು ಕಾಯುವುದು ರಸ್ತೆಯ ನಡುಮಧ್ಯವನ್ನು; ಕಾಲ್ನಡಿಗೆಯವರು ಹೋಗಬೇಕಾದದ್ದು ಅಂಚಿನಲ್ಲಿ. ಹೀಗಾಗಿ ನೆನೆಯದೆ ಉಳಿಯುವುದು ಡಿವೈಡರ್ ಒಂದೇ. ಅಂಚಿನಲ್ಲಿ ಮೋರಿಯ ಮೇಲಿನ ಚಪ್ಪಡಿ ಕಲ್ಲುಗಳಿವೆ. ಒಂದು ತುದಿ ತುಳಿದರೆ ಇನ್ನೊಂದು ತುದಿ ಎದ್ದು ನೀರು ಮೊಣಕಾಲಿಗೆ ಚಿಮ್ಮುತ್ತದೆ. ಕೆಳಗಿನಿಂದ ಬರುವ ಮಳೆಗೆ ಕೊಡೆಯಿಲ್ಲ.

ಇಂದಿರಾನಗರದ ಮರಗಳು ನಂಬಿಕೆಗೆ ಅರ್ಹವಲ್ಲ: ಮಳೆ ನಿಂತ ಮೇಲೂ ಅವು ಸುರಿಸುತ್ತಿರುತ್ತವೆ. ಕೆಫೆಗಳಲ್ಲಿ ಒಂದು ಕಾಫಿಯ ಬೆಲೆಗೆ ಕೊಡೆಯೇ ಬರುತ್ತದೆ. ಉಳಿಯುವುದು ಬೇಕರಿ. ನಾಲ್ವರು ನಿಲ್ಲಬಹುದಾದ ಶೀಟಿನಡಿ ಹದಿನಾಲ್ಕು ಜನ. ರೈಲಿನ ಜನರಲ್ ಬೋಗಿಯ ನ್ಯಾಯವೇ ಇಲ್ಲೂ: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ನುಸುಳಿದವನೇ, ಮುಂದಿನವನು ಬಂದಾಗ 'ಜಾಗ ಎಲ್ಲಿದೆ ಗುರೂ' ಎನ್ನುತ್ತಾನೆ. ಪ್ರತಿ ಬೇಕರಿಯಲ್ಲೂ ಇಬ್ಬರು ಹವಾಮಾನ ತಜ್ಞರಿರುತ್ತಾರೆ. ಒಬ್ಬರದು 'ಐದೇ ನಿಮಿಷ', ಇನ್ನೊಬ್ಬರದು 'ಇದು ರಾತ್ರಿಯೆಲ್ಲ ಹೊಡೆಯುತ್ತೆ'. ಇಬ್ಬರೂ ನೋಡುವುದು ಒಂದೇ ಮೋಡವನ್ನು. ತೀರ್ಮಾನವಾಗುವವರೆಗೆ ಬೈ ಟೂ ಟೀ, ಒಂದು ದಿಲ್‌ಪಸಂದ್.

ಹಳೇ ಮದ್ರಾಸ್ ರಸ್ತೆ ಕಠಿಣ ಹಂತ. ಬಾಗಿಲು ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯ ಕಾಂಪೌಂಡ್ ಗೋಡೆ ಉದ್ದಕ್ಕೂ ಇದೆ, ಗೋಡೆಗೆ ಸೂರಿಲ್ಲ. ಕೈ ತೋರಿಸಿದರೆ ಆಟೋದವರು 'ಆ ಕಡೆ ಬರಲ್ಲ' ಎಂದು ಆ ಕಡೆಗೇ ಹೋಗುತ್ತಾರೆ. ಬೆನ್ನಿಗಾನಹಳ್ಳಿ ದಾಟಿದರೆ ಟಿನ್ ಫ್ಯಾಕ್ಟರಿ. ಅಲ್ಲಿ ಮೇಲ್ಸೇತುವೆಯ ಅಡಿ ಬೈಕಿನವರು ಮೊದಲೇ ಬೀಡುಬಿಟ್ಟಿರುತ್ತಾರೆ. ಅದಾದ ಮೇಲೆ 2003ರಲ್ಲಿ ತೆರೆದ ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್. ಕೇಬಲ್‌ಗಳು ಬೇಕಾದಷ್ಟಿವೆ, ಅವುಗಳ ಕೆಳಗೆ ನೆನೆಯದೆ ನಿಲ್ಲಲಾಗದು.

2023ರ ಅಕ್ಟೋಬರ್ 9ರಿಂದ ಹಲಸೂರಿನಲ್ಲಿ ಮೆಟ್ರೊ ಹತ್ತಿದವರು ನೇರ ಕೆ.ಆರ್. ಪುರದಲ್ಲಿ ಇಳಿಯಬಹುದು. ಚಾರಣಿಗರಿಗೆ ಇದು ಗೊತ್ತು. ಹತ್ತು ಕಿಲೋಮೀಟರ್ ನಡೆಯಬೇಕೆಂದು ಯಾರೂ ಹೊರಡುವುದಿಲ್ಲ. 'ಇನ್ನೇನು ನಿಂತೇಬಿಡುತ್ತೆ, ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದರಾಯಿತು' ಎಂದು ಒಂದೊಂದೇ ಸೂರು ದಾಟುತ್ತಾರೆ. ಕೆ.ಆರ್. ಪುರದಿಂದ ಮುಂದೆ ಹೊಸಕೋಟೆ, ಕೋಲಾರದ ಬಸ್ಸುಗಳಿವೆ. ತೊಯ್ದು ತೊಪ್ಪೆಯಾದವರಿಗೆ ಅವುಗಳಲ್ಲಿ ಸೀಟಿಗೆ ತೊಂದರೆಯಿಲ್ಲ. ಪಕ್ಕದವರು ತಾವೇ ಎದ್ದು ದೂರ ಹೋಗಿ ನಿಲ್ಲುತ್ತಾರೆ.