ಡಿಸೈನ್ ಇಲ್ಲದ್ದು ಕೊಡ್ರಿ

ಎರಿಹೊಲದ ನಾಡು ನಮ್ಮದು. ಬೈಲಹೊಂಗಲದ ಪೇಟೆಗೆ ಹತ್ತಿ ಬರುವುದು ಹೊಸ ಮಾತಲ್ಲ. ಆದರೆ ಅದೇ ಪೇಟೆಯ ಅರಿವಿ ಅಂಗಡಿಗೆ ಹೋಗಿ, ಕಸೂತಿ ಹಾಕಲಿಕ್ಕೆಂದು ಅಡಿಗೆಮನೆಯ ಸಾದಾ ಟವೆಲ್ ಒಂದನ್ನು ಕೇಳಿ ನೋಡಿ.

“ಡಿಸೈನ್ ಇಲ್ಲದ್ದು ಕೊಡ್ರಿ.”

“ಡಿಸೈನ್ ಇಲ್ಲದ್ದು ಒಯ್ದು ಏನ್ ಮಾಡ್ತೀರಿ ಅಕ್ಕಾರ?”

“ಡಿಸೈನ್ ಹಾಕ್ತೀವ್ರಿ.”

“ಹಾಕಿದ್ದ ಐತೆಲ್ರೀ!”

ಈ ತರ್ಕಕ್ಕೆ ಉತ್ತರವಿಲ್ಲ. ಅವರು ಹರವುವುದು ಚೌಕಳಿಯದು, ದ್ರಾಕ್ಷಿ ಗೊಂಚಲಿನದು, ಚಹಾದ ಕಿಟಲಿಯದು. ಸಾದಾ ಎಂದು ಒತ್ತಿ ಹೇಳಿದರೆ ಟರ್ಕಿ ಟವೆಲ್ ಬರುತ್ತದೆ. ಅದರ ಕುಣಿಕೆಗಳ ನಡುವೆ ಸೂಜಿ ಹೋದರೆ ಮೇಲೆ ಬರುವ ದಾರಿ ಅದಕ್ಕೇ ತಿಳಿಯುವುದಿಲ್ಲ. ಸವದತ್ತಿಯಲ್ಲಿ ಕೊಂಡದ್ದಾದರೆ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಎಲ್ಲಮ್ಮನ ಭಂಡಾರ ತಾಗಿ ಹಳದಿಯಾಗಿರುತ್ತದೆ. ದೇವಿಯ ಪ್ರಸಾದ, ತಕರಾರು ಎತ್ತುವಂತಿಲ್ಲ.

ಸಾದಾ ಟವೆಲ್ ಮನೆಯಲ್ಲೇ ಇಲ್ಲವೇ? ಟ್ರಂಕು ತೆಗೆಯಿರಿ, ಆಹೇರಿಯಲ್ಲಿ ಬಂದವು ರಾಶಿ ಬಿದ್ದಿವೆ. ಕಿತ್ತೂರಿನ ಬೀಗರು ರಾಮದುರ್ಗಕ್ಕೆ ಕೊಟ್ಟದ್ದು, ರಾಮದುರ್ಗದವರು ಸವದತ್ತಿಗೆ ದಾಟಿಸಿದ್ದು, ಸವದತ್ತಿಯವರು ಮತ್ತೆ ಕಿತ್ತೂರಿನ ಬೀಗರ ಹೆಗಲಿಗೇ ಹಾಕಿದ್ದು. ಇಷ್ಟೂರು ತಿರುಗಿದರೂ ಮಡಿಕೆ ಬಿಚ್ಚಿದವರಿಲ್ಲ. ಬಿಚ್ಚಿ ಒಮ್ಮೆ ನೀರಿಗೆ ಹಾಕಿದರೆ ಗಂಜಿಯೆಲ್ಲ ಹೋಗಿ, ಉಳಿದದ್ದರಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯಬಹುದು. ಅದರ ಮೇಲೆ ಕಸೂತಿಯ ಗೋಪುರ ಹಾಕಿದರೆ ಬುನಾದಿಯೇ ಜಾರುತ್ತದೆ.

ನಮ್ಮ ಕಸೂತಿಯ ಹಟವೂ ಕಡಿಮೆಯಲ್ಲ ಅನ್ನಿ. ಪೆನ್ಸಿಲ್ ಗೆರೆ ಬೇಡ, ಅಚ್ಚು ಬೇಡ, ಎಳೆ ಎಣಿಸಿಯೇ ಹಾಕಬೇಕು. ಹಾಸು ಹೊಕ್ಕು ಎರಡೂ ಒಂದೇ ದಪ್ಪವಿದ್ದು ಕಣ್ಣಿಗೆ ಬಿಡಿಬಿಡಿಯಾಗಿ ಕಾಣಬೇಕು. ಇಲ್ಲದಿದ್ದರೆ ತೇರು ವಾಲುತ್ತದೆ, ಆನೆ ಸೊರಗುತ್ತದೆ. ಎಳೆ ಕಾಣದ ಅರಿವಿಯಾದರೆ ಮೇಲೊಂದು ಜಾಳು ಕ್ಯಾನ್‌ವಾಸ್ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯುವ ಉಪಾಯವಿದೆ. ಟವೆಲ್‌ಗೆ ಅಷ್ಟು ಉಸಾಬರಿ ಯಾಕೆ? ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ, ಅರಿವಿ ಮಾತ್ರ ಸಿಗುತ್ತಿಲ್ಲ.

“ಚಂದ್ರಕಾಳಿ ಸೀರೆ ಮ್ಯಾಲೆ ಹಾಕೂದನ್ನ ಕೈ ಒರಸೂ ಅರಿವಿ ಮ್ಯಾಲೆ ಹಾಕ್ತಾರೇನ?” ಎಂದು ಹಿರಿಯರು ಮೂಗು ಮುರಿಯುತ್ತಾರೆ. ನಾನಂತೂ ಹಾಕಲೇಬೇಕು ಎನ್ನುವವಳು. ಸೀರೆಯ ಒಳಮೈ ನೋಡುವವರು ಯಾರು? ಟವೆಲ್ ದಿನಕ್ಕೆ ಹತ್ತು ಸಲ ಮಗ್ಗಲು ಬದಲಿಸುತ್ತದೆ. ಗಾವಂತಿಯ ಹೊಲಿಗೆ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ, ಗಂಟಿಲ್ಲ, ಎರಡೂ ಮೈ ಒಂದೇ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಯೂ ಹಾಗೆಯೇ. ಬಿಸಿರೊಟ್ಟಿ ಸುತ್ತಿಡುವ ಅರಿವಿಗೆ ಇದಕ್ಕಿಂತ ಒಪ್ಪುವ ಹೊಲಿಗೆ ಇನ್ನೊಂದಿಲ್ಲ. ಮೆಂತೆ ಹೊಲಿಗೆ ದಪ್ಪವಾಗಿ ಕೂರುತ್ತದೆ, ಅದನ್ನು ಮೂಲೆಗೆ ಇಡಿ. ನೀವು ಎಲ್ಲಿ ಹಾಕಿದರೂ ಮನೆಯ ಗಂಡಸರು ಮಿರ್ಚಿ ತಿಂದ ಕೈಯನ್ನು ಹುಡುಕಿಕೊಂಡು ಬಂದು ಅಲ್ಲಿಯೇ ಒರೆಸುತ್ತಾರೆ, ಆ ಮಾತು ಬೇರೆ.

ಹಾಗಾದರೆ ಅರಿವಿ ಎಲ್ಲಿ? ರಾಮದುರ್ಗ, ಸುರೇಬಾನದ ಕಡೆ ಮಗ್ಗಗಳಿವೆ, ಆದರೆ ಅವುಗಳ ಲಕ್ಷ್ಯವೆಲ್ಲ ಸೀರೆಯ ಮೇಲೆ. ಟವೆಲ್ ಎಂಬ ಹೆಸರನ್ನೇ ಬಿಟ್ಟು ಖಾದಿಯ ಬಿಳಿ ಥಾನು ಕೇಳುವುದು ಜಾಣತನ. ಬೆಳಗಾವಿ ಕಡೆ ಹೋದರೆ 1937ರಲ್ಲಿ ಗಾಂಧೀಜಿ ಬಂದು ತಂಗಿದ್ದ ಹುದಲಿ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಕಿತ್ತೂರಿನವರಿಗೆ ಧಾರವಾಡದ ಹಾದಿಯಲ್ಲಿ ಗರಗ ಹತ್ತಿರ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು ಅದು. ಧ್ವಜದ ಅರಿವಿಯಲ್ಲಿ ಎಳೆಯ ಲೆಕ್ಕ ತಪ್ಪುವಂತಿಲ್ಲ. ಸರಕಾರ ಎಳೆ ಎಣಿಸಿದರೆ ದೇಶಭಕ್ತಿ, ನಾವು ಅಂಗಡಿಯಲ್ಲಿ ನಿಂತು ಎಣಿಸಿದರೆ ಕಿರಿಕಿರಿ!

ತಂದ ಮೇಲೆ ಅವಸರ ಬೇಡ. ರಾತ್ರಿಯಿಡೀ ನೀರಲ್ಲಿ ನೆನೆಯಲಿ, ಗಂಜಿಯೂ ಬಿಡುತ್ತದೆ, ಕುಗ್ಗುವುದಿದ್ದರೆ ಆಗಲೇ ಕುಗ್ಗುತ್ತದೆ. ಕತ್ತರಿಸುವಾಗ ಸ್ಕೇಲು ಹುಡುಕಬೇಡಿ, ಒಂದು ಎಳೆ ಜಗ್ಗಿ ತೆಗೆದು ಆ ಗೆರೆಗುಂಟ ಕತ್ತರಿ ಆಡಿಸಿ. ಕೆಂಪು ದಾರದ ಮಾತು ನಂಬಬೇಡಿ, ಮೊದಲು ಚೂರು ಬಿಳಿ ಅರಿವಿಗೆ ಹಾಕಿ ತೋಯಿಸಿ ನೋಡಿ.

ಅಂಗಡಿಯ ಅಣ್ಣಾರ, ನಿಮಗೂ ಒಂದು ಮಾತು. ಆ ದ್ರಾಕ್ಷಿ ಗೊಂಚಲಿನ ಗಂಟಿನ ಅಡಿಗೆ ಸಿಕ್ಕಿರುವ ಬಿಳಿ ಥಾನನ್ನು ಸ್ವಲ್ಪ ಮೇಲೆ ತಂದಿಡ್ರಿ. ಮೂರು ಮೀಟರ್ ಖಂಡಿತ ಒಯ್ಯುತ್ತೇವೆ, ಚೌಕಾಸಿ ಮಾಡಿಯೇ ಒಯ್ಯುತ್ತೇವೆ.